ಮಂಡಕ್ಕಿ ಅಂಗಡಿ ಮುಂದೆ ನೆಲಕ್ಕೆ ಬಿದ್ದು ಅಳೋ ಮಗ

ಪ್ರಶ್ನೆ: ಮೇಡಂ, ನಮ್ದು ದಾವಣಗೆರೆ. ಮಗನಿಗೆ 3 ವರ್ಷ ತುಂಬಿ ಎರಡು ತಿಂಗಳಾಯ್ತು. ಬೇಕಂದಿದ್ದು ಸಿಗ್ಲಿಲ್ಲ ಅಂದ್ರೆ ಎಲ್ಲಿದೀವಿ ಅಂತ ನೋಡಲ್ಲ, ಮೊನ್ನೆ ಸಂಜೆ ಮಂಡಕ್ಕಿ ಅಂಗಡಿ ಮುಂದೆ ನೆಲಕ್ಕೆ ಬಿದ್ದು ಕಾಲು ಬಡಿದು ರಂಪ ಮಾಡ್ದ, ಭಾವನ ಮಗಳು ಇವನ ಜೆಸಿಬಿ ಮುಟ್ಟಿದ್ಲು ಅಂತ ಕೈ ಕಚ್ಚಿದಾನೆ. ಎರಡು ಏಟು ಬಿಟ್ರೆ ಸರಿಹೋಗ್ತಾನೆ ಅಂತಾರೆ ಅತ್ತೆ, ಇವ್ರು ಮೊಬೈಲ್ ಕೈಗೆ ಕೊಟ್ಬಿಡ್ತಾರೆ. ಜೂನ್‌ಗೆ ನರ್ಸರಿಗೆ ಹಾಕ್ಬೇಕು. ನಾನೇ ಸರಿಯಾಗಿ ಬೆಳೆಸ್ಲಿಲ್ವಾ?
– ಒಬ್ಬ ತಾಯಿ

ಉತ್ತರ: ಇಲ್ಲ ಕಣಮ್ಮ, ಆ ಯೋಚನೆ ಮೊದ್ಲು ಮನಸ್ಸಿಂದ ತೆಗೀರಿ. ಒಂದೂವರೆಯಿಂದ ನಾಲ್ಕು ವರ್ಷದ ತನಕ ಈ ರಂಪ ಬಹಳ ಮನೆಗಳಲ್ಲಿ ಇದ್ದಿದ್ದೇ. ಸಿಟ್ಟು ತಡೆಯೋ ಕೆಲಸ ಹಣೆ ಹಿಂದಿರೋ ಮೆದುಳಿನ ಭಾಗದ್ದು, ಅದು ಪೂರ್ತಿ ಬಲಿಯೋಕೆ ಸುಮಾರು 25 ವರ್ಷ ಬೇಕು, ಇವನಿಗಿನ್ನೂ 3. ಸಿಟ್ಟು ಬೆಟ್ಟದಷ್ಟಿದೆ, ಹೇಳ್ಕೊಳ್ಳೋಕೆ ಮಾತು ಸಾಲಲ್ಲ, ಹಂಗಾಗಿ ಕಾಲು ಬಡೀತಾನೆ, ಕಚ್ತಾನೆ.

ಆ ಟೈಮಲ್ಲಿ ಬುದ್ಧಿ ಹೇಳಿದ್ರೆ ತಲೆಗೆ ಹೋಗಲ್ಲ. ನನ್ನ ಮಗಳು ಇದೇ ವಯಸ್ಸಲ್ಲಿ ದುಗ್ಗಮ್ಮನ ಜಾತ್ರೇಲಿ ಬಲೂನು ಒಡೀತು ಅಂತ ರಚ್ಚೆ ಹಿಡಿದ್ಲು, ನಾನು ಗದರಿದೆ, ಇನ್ನೂ ಜಾಸ್ತಿ ಆಯ್ತು, ಕೊನೆಗೆ ಜನ ಕಮ್ಮಿ ಇರೋ ಕಡೆ ಒಂದು ಕಟ್ಟೆ ಮೇಲೆ ತೊಡೇಲಿ ಕೂರಿಸ್ಕೊಂಡು ಬೆನ್ನು ಸವರ್ತಾ "ಬಲೂನು ಒಡೆದೋಯ್ತು, ನಿಂಗೆ ಬೇಜಾರಾಯ್ತು" ಅಂತ ಅಷ್ಟೇ ಅಂದೆ. ಬಿಕ್ಕಳಿಸ್ತಾನೇ "ಕೆಂಪು ಬಲೂನು" ಅಂದ್ಲು. ಆ ಎರಡು ಮಾತು ಬಾಯಿಂದ ಬಂದ್ಮೇಲೆ ಅಳು ಇಳೀತಾ ಬಂತು. ಮಕ್ಕಳು ಹೀಗೆ ನಮ್ಮ ತೊಡೆ ಮೇಲೆ ನೂರು ಸಲ ಸಮಾಧಾನ ಆಗಿ ಆಗಿಯೇ ತಾವಾಗಿ ಸಮಾಧಾನ ಮಾಡ್ಕೊಳ್ಳೋದು ಕಲಿಯೋದು. ಹಂಗಂತ ರಂಪಕ್ಕೆ ಹೆದರಿ ಕೇಳಿದ್ದು ಕೊಡಬೇಡಿ.

ಹೊಡೆದ್ರೆ ಸುಮ್ಮನಾಗ್ತಾನೆ ನಿಜ, ಹೆದರಿ ಆಗೋದು, ಸಿಟ್ಟು ಬಂದ್ರೆ ಕೈ ಎತ್ತಬೇಕು ಅನ್ನೋದನ್ನೂ ಕಲೀತಾನೆ. (ಮಗು ಬಿದ್ದಾಗ "ನೆಲಕ್ಕೆ ಹೊಡೆದೆ ನೋಡು" ಅಂತೀವಲ್ಲ, ಅದನ್ನೂ ಬಿಡಬೇಕು ಅಂತ ನನಗನ್ಸುತ್ತೆ.) ಮೊಬೈಲ್ ಕೊಟ್ರೆ ಅಳು ನಿಲ್ಲುತ್ತೆ, ಕಲಿಯೋ ಅವಕಾಶ ಹೋಗುತ್ತೆ. ಈ ವಯಸ್ಸಿಗೆ ದಿನಕ್ಕೆ 1 ಗಂಟೆ ಮೇಲೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿದ್ದೆ 10ರಿಂದ 13 ಗಂಟೆ ಬೇಕು. ಮೊನ್ನೆ ಮಧ್ಯಾಹ್ನ ಮಲಗಿದ್ನಾ, ಹಸಿದಿದ್ನಾ, ನೆನಪು ಮಾಡ್ಕೊಳ್ಳಿ.

ಕಚ್ಚೋಕೆ ಬಂದಾಗ ಕೈ ಅಡ್ಡ ಇಟ್ಟು "ಕಚ್ಚೋಕೆ ಬಿಡಲ್ಲ, ಅಕ್ಕಂಗೆ ನೋವಾಗುತ್ತೆ" ಅನ್ನಿ, ಮೊದ್ಲು ಆ ಹುಡುಗಿ ಕೈ ನೋಡಿ. ಹಂಚ್ಕೊಂಡು ಆಡು ಅಂತ ಬೈದ್ರೆ ಈಗ್ಲೇ ಬರಲ್ಲ, ಸಣ್ಣೋರು ಒಟ್ಟಿಗೆ ಆಡೋಕಿಂತ ಪಕ್ಕಪಕ್ಕ ಕೂತು ತಮ್ ತಮ್ ಆಟ ಆಡೋದೇ ಹೆಚ್ಚು ಅಂತ ಮಕ್ಕಳ ಆಟದ ಬಗ್ಗೆ ಅಧ್ಯಯನ ಮಾಡಿದ ಮಿಲ್ಡ್ರೆಡ್ ಪಾರ್ಟನ್ ಅನ್ನೋರು 1932ರಲ್ಲೇ ಬರೆದಿದಾರೆ. ಅವಳು ಬರೋ ಮುಂಚೆ ಜೆಸಿಬಿ ಎತ್ತಿಡಿ. ಜೂನ್‌ವರೆಗೆ ಸಂಜೆ ನಿಮ್ಮೂರಿನ ಗಾಜಿನಮನೆ ಪಾರ್ಕ್ ಕಡೆ ಕರ್ಕೊಂಡು ಹೋಗಿ ಬೇರೆ ಮಕ್ಕಳ ಜೊತೆ ಬಿಡಿ, "ನಂಗೂ ಕೊಡು", "ನಿಂದಾದ್ಮೇಲೆ ನಂದು" ಅನ್ನೋ ಎರಡು ಮಾತು ಆಟದಲ್ಲೇ ಅಭ್ಯಾಸ ಮಾಡಿಸಿ.

ಮಾತು ಇನ್ನೂ ಜೋಡಿಸ್ತಿಲ್ಲ ಅಂದ್ರೆ, ಇಲ್ಲ ತಲೆ ಗೋಡೆಗೆ ಚಚ್ಕೊಂಡು ಗಾಯ ಮಾಡ್ಕೊಳ್ತಾನೆ ಅಂದ್ರೆ ಮಾತ್ರ ತಡ ಮಾಡ್ದೆ ಮಕ್ಕಳ ಡಾಕ್ಟರ್‌ಗೆ ತೋರಿಸಿ.