ಆಟದ ಅಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಲಂಡನ್ನಿನಲ್ಲಿ ಓದುತ್ತಿರುವ ನನ್ನ ಮಗಳು ಶನಿವಾರ ಬಂತೆಂದರೆ ಎಎಫ್‌ಸಿ ವಿಂಬಲ್ಡನ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಪಂದ್ಯ ನೋಡಲು ಹೊರಡುತ್ತಾಳೆ. ಅದು ಪ್ರೀಮಿಯರ್ ಲೀಗಿನ ತಂಡವಲ್ಲ. ಹೆಸರಾಂತ ತಂಡಗಳಿರುವ ನಗರದಲ್ಲಿ ಕೆಳಗಿನ ಲೀಗಿನ ತಂಡವೊಂದಕ್ಕೆ ಜನ ಸೇರುವುದು ಏಕೆ? ಆ ತಂಡದ ಈಚಿನ ಆಟ ಹೇಗಿದೆ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಮಗಳು ಬಹಳ ಒಳ್ಳೆಯ ತಂಡವನ್ನು ಆರಿಸಿಕೊಂಡಿದ್ದಾರೆ. 1988ರಲ್ಲಿ ಲಿವರ್‌ಪೂಲ್ ತಂಡವನ್ನು 1-0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿದ್ದ ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಾಗ, ಊರಿನ ಅಭಿಮಾನಿಗಳು ಕೈಕಟ್ಟಿ ಕೂರದೆ ತಾವೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ಆಟಗಾರರನ್ನು ಹುಡುಕಲು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಆಯ್ಕೆ ಶಿಬಿರ ನಡೆಸಿ, ಬಂದವರಿಗೆಲ್ಲ ಆಡಿ ತೋರಿಸುವ ಅವಕಾಶ ಕೊಟ್ಟರು. ಬಹು ಕೆಳಗಿನ ಪ್ರಾದೇಶಿಕ ಲೀಗಿನಿಂದ ಹೊರಟ ಆ ತಂಡ, 2003ರಿಂದ 2004ರ ನಡುವೆ ಸತತ 78 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣದೆ, 2011ರಲ್ಲಿ ಫುಟ್‌ಬಾಲ್ ಲೀಗಿಗೆ (ಪ್ರೀಮಿಯರ್ ಲೀಗಿನ ಕೆಳಗಿನ ಮೂರು ದರ್ಜೆಗಳ ಲೀಗ್) ಬಡ್ತಿ ಪಡೆಯಿತು. ಇಂದಿಗೂ ಕ್ಲಬ್ಬಿನ ಒಡೆತನದ ದೊಡ್ಡ ಪಾಲು ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಸ್ಥೆಯ ಕೈಯಲ್ಲಿದ್ದು, ಅಲ್ಲಿ ಸದಸ್ಯರಿಗೆ ತಲೆಗೊಂದು ಮತ. ಗ್ಯಾಲರಿಯಲ್ಲಿ ಕುಳಿತವರು ನೋಡುತ್ತಿರುವುದು ತಮ್ಮದೇ ತಂಡವನ್ನು. ಜನ ಸೇರುವುದಕ್ಕೆ ನನಗೆ ಕಾಣುವ ಮೊದಲ ಕಾರಣ ಇದು.

ಇನ್ನೊಂದು ಕಾರಣ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯಗಳ ನೇರ ಪ್ರಸಾರ ಇರುವುದಿಲ್ಲ. ದೊಡ್ಡ ತಂಡಗಳ ಆಟ ಮನೆಯಲ್ಲೇ ಸಿಕ್ಕರೆ ಚಿಕ್ಕ ಕ್ಲಬ್ಬುಗಳ ಟಿಕೆಟ್ ಕೊಳ್ಳುವವರು ಉಳಿಯುವುದಿಲ್ಲ ಎಂಬ ಕಾಳಜಿಯಿಂದ 1960ರ ದಶಕದಲ್ಲಿ ಬಂದ ಕಟ್ಟುಪಾಡು ಅದು. ಮಧ್ಯಾಹ್ನ 3 ಗಂಟೆಗೆ, ಎಂದರೆ ನಮ್ಮ ಗಡಿಯಾರದಲ್ಲಿ ಬೇಸಿಗೆಯಾದರೆ ರಾತ್ರಿ 7.30ಕ್ಕೆ, ಚಳಿಗಾಲವಾದರೆ 8.30ಕ್ಕೆ, ದೇಶದ ನೂರಾರು ಚಿಕ್ಕ ಮೈದಾನಗಳಲ್ಲಿ ಸೀಟಿ ಊದುತ್ತಾರೆ. ನಿಮ್ಮ ಮಗಳ ಫೋಟೊಗಳು ನಿಮ್ಮ ಫೋನಿಗೆ ಊಟದ ಹೊತ್ತಿನಲ್ಲಿ ಬರುವುದು ಇದರಿಂದಲೇ ಇರಬೇಕು.

ಈಚಿನ ವರ್ಷಗಳಲ್ಲಿ ತಂಡ ಏಳುಬೀಳು ಎರಡನ್ನೂ ಉಂಡಿದೆ. 2020ರ ನವೆಂಬರಿನಲ್ಲಿ ಪ್ಲೌ ಲೇನ್‌ನ ಹಳೆಯ ನೆಲೆಯ ಸಮೀಪವೇ ಹೊಸ ಕ್ರೀಡಾಂಗಣಕ್ಕೆ ಮರಳಿತಾದರೂ, ಕೋವಿಡ್ ನಿರ್ಬಂಧದಿಂದಾಗಿ ಅಷ್ಟು ವರ್ಷ ಕಾದಿದ್ದ ಅಭಿಮಾನಿಗಳಿಗೆ ಮೊದಲ ಪಂದ್ಯಕ್ಕೆ ಒಳಗೆ ಹೋಗಲಾಗಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು. 2021-22ರಲ್ಲಿ ಕೊನೆಯ 27 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗದೆ ತಂಡ ನಾಲ್ಕನೆಯ ದರ್ಜೆಯಾದ ಲೀಗ್ ಟೂಗೆ ಹಿಂಬಡ್ತಿ ಪಡೆಯಿತು. ಅಲ್ಲಿಯೂ ಮೊದಲ ವರ್ಷ 24 ತಂಡಗಳ ಪೈಕಿ 21ನೆಯ ಸ್ಥಾನ, ಮರುವರ್ಷ 10ನೆಯದು, ಅದರ ಮರುವರ್ಷ 5ನೆಯದು. 2024ರ ಸೆಪ್ಟೆಂಬರಿನಲ್ಲಿ ವಾಂಡ್ಲ್ ನದಿ ಉಕ್ಕಿ ಮೈದಾನದ ಒಂದು ಭಾಗ ಕುಸಿದಾಗ, ತವರಿನಲ್ಲಿ ನ್ಯೂಕಾಸಲ್ ವಿರುದ್ಧ ಆಡಬೇಕಿದ್ದ ಲೀಗ್ ಕಪ್ ಪಂದ್ಯವನ್ನು ಎದುರಾಳಿಯ ಅಂಗಳಕ್ಕೆ ವರ್ಗಾಯಿಸಬೇಕಾಯಿತು. ದುರಸ್ತಿಗೆ ಅಭಿಮಾನಿಗಳೇ ಹಣ ಕೂಡಿಸಿದರು. ಅದೇ ಋತುವಿನ ಕೊನೆಯಲ್ಲಿ, 2025ರ ಮೇ ತಿಂಗಳಲ್ಲಿ, ಉಳಿದ ಒಂದು ಬಡ್ತಿಗಾಗಿ ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್‌ನಲ್ಲಿ ವಾಲ್ಸಾಲ್ ತಂಡವನ್ನು 1-0ರಿಂದ ಮಣಿಸಿ ಮೂರನೆಯ ದರ್ಜೆಯಾದ ಲೀಗ್ ಒನ್‌ಗೆ ಏರಿತು.

ಪ್ರಶ್ನೆ: ತವರಿನ ಪ್ರೇಕ್ಷಕರಿಂದ ತಂಡಕ್ಕೆ ನಿಜವಾಗಿಯೂ ಅನುಕೂಲವಾಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಆಗುತ್ತದೆ. 2020ರಲ್ಲಿ ಜರ್ಮನಿಯ ಬುಂಡೆಸ್‌ಲಿಗಾ ಪಂದ್ಯಗಳು ಖಾಲಿ ಕ್ರೀಡಾಂಗಣಗಳಲ್ಲಿ ನಡೆದಾಗ ತವರು ತಂಡಗಳ ಗೆಲುವು ಎದ್ದು ಕಾಣುವಷ್ಟು ಕಡಿಮೆಯಾಯಿತು. ಪ್ರವಾಸಿ ತಂಡಕ್ಕೆ ಹೆಚ್ಚು ಹಳದಿ ಕಾರ್ಡ್ ತೋರಿಸುವ ರೆಫರಿಗಳ ವಾಡಿಕೆಯೂ ತಗ್ಗಿತು. ಕೂಗು ಆಟಗಾರನನ್ನಷ್ಟೇ ಅಲ್ಲ, ಸೀಟಿ ಹಿಡಿದವನನ್ನೂ ಮುಟ್ಟುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಿದೆ, ಆಡುವ ಹುಡುಗರಿದ್ದಾರೆ. ಆದರೂ ‘ಇವತ್ತು ನಮ್ಮೂರ ತಂಡದ ಪಂದ್ಯ’ ಎಂದು ಹೋಗಿ ಕೂರುವ ದಿನ ನಮಗೇಕೆ ಇಲ್ಲ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ನಿಮ್ಮ ಕೊರಗು ನನ್ನದೂ ಹೌದು. ನಮ್ಮ ರಾಜ್ಯದ ಲೀಗ್ ಫುಟ್‌ಬಾಲ್ ಬೆಳೆದದ್ದು ಬಹುಮಟ್ಟಿಗೆ ಬೆಂಗಳೂರಿನಲ್ಲಿ, ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳ ಸುತ್ತ. ಆ ಪಂದ್ಯಗಳ ಮುಖ್ಯ ನೆಲೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ಎದುರುಬದುರಾಗುವ ಎರಡೂ ತಂಡಗಳು ಅದೇ ಅಂಗಳವನ್ನು ಹಂಚಿಕೊಂಡಾಗ ತವರು ಯಾವುದು, ಪರಸ್ಥಳ ಯಾವುದು? 1968-69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದಿದ್ದ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಾಗಲೂ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಎಸ್‌ಸಿ ಬೆಂಗಳೂರು ತಂಡ 2023-24ರಲ್ಲಿ ದೇಶದ ಮೂರನೆಯ ದರ್ಜೆಯ ಐ-ಲೀಗ್ 2 ಗೆದ್ದು ಮೇಲೇರಿ, ಮರುವರ್ಷವೇ ಹಿಂಬಡ್ತಿ ಪಡೆಯಿತು. ಮೈಸೂರು, ಮಂಡ್ಯದಲ್ಲಿ ಎಷ್ಟು ಜನ ಅದಕ್ಕಾಗಿ ಮರುಗಿದರು?

ದೊಡ್ಡ ಕ್ರೀಡಾಂಗಣ ಕಟ್ಟಿದರೆ ಇದು ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ನಮ್ಮ ಊರುಗಳ ಪಂದ್ಯಗಳಲ್ಲಿ ಸುಣ್ಣದ ಗೆರೆ ಎಳೆಯುವುದು ಬೆಳಿಗ್ಗೆ, ಪಂದ್ಯ ಇದೆಯೆಂದು ಊರಿಗೆ ಗೊತ್ತಾಗುವುದು ಮರುದಿನ. ಗೋಲಿನ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿರುವವರು ಆಟಗಾರರ ಅಣ್ಣತಮ್ಮಂದಿರು, ಗೆಳೆಯರು. ಬೇರೆಯವರಿಗೆ ಆಡುತ್ತಿರುವವರ ಹೆಸರೂ ತಿಳಿದಿರುವುದಿಲ್ಲ. ಒಂದೇ ವಾರ, ಒಂದೇ ಹೊತ್ತು, ಒಂದೇ ಮೈದಾನ ಎಂದು ಗೊತ್ತುಮಾಡಿ, ವೇಳಾಪಟ್ಟಿಯನ್ನು ಋತುವಿನ ಮೊದಲೇ ಶಾಲೆಗಳಿಗೂ ಬಸ್ ನಿಲ್ದಾಣಕ್ಕೂ ಅಂಟಿಸಿ, ಆಡುವ ಹನ್ನೊಂದು ಜನರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳಿದರೆ, ಎರಡನೆಯ ವರ್ಷಕ್ಕೆ ಅಪರಿಚಿತರೂ ಬಂದು ಕೂರುತ್ತಾರೆ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕು ಜನರನ್ನು ಕರೆದುಕೊಂಡು ಜಿಲ್ಲೆಯ ಫುಟ್‌ಬಾಲ್ ಸಂಘಟಕರ ಬಳಿಗೆ ಹೋಗಿ, ಮೊದಲು ಆ ವೇಳಾಪಟ್ಟಿಯನ್ನು ಕೇಳಿ.