ಪಿಂಗ್ ಹೋಗುತ್ತಿದೆ, ಆದರೂ ಓಎಸ್‌ಪಿಎಫ್ ನೇಬರ್ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಂತಿರುವುದೇಕೆ?

ಎರಡು ಸಿಸ್ಕೊ ಸಾಧನಗಳಿಗೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ಹಾಕಿದ್ದೀರಿ, ಪಿಂಗ್ ಸರಾಗವಾಗಿದೆ, ಆದರೆ ಒಂದು ಕಡೆ ಎಕ್ಸ್‌ಸ್ಟಾರ್ಟ್, ಇನ್ನೊಂದು ಕಡೆ ಎಕ್ಸ್‌ಚೇಂಜ್ ಎಂದು ತೋರಿಸುತ್ತಾ ಫುಲ್ (ನೇಬರ್ ಸಂಬಂಧ ಪೂರ್ತಿ ಕೂಡಿದ ಸ್ಥಿತಿ) ಆಗುತ್ತಲೇ ಇಲ್ಲ ಎಂದಿದ್ದೀರಿ. ಒಂದು ಪೋರ್ಟಿನಲ್ಲಿ ಜಂಬೋ ಫ್ರೇಮ್ (ಮಾಮೂಲಿ 1500 ಬೈಟ್‌ಗಿಂತ ದೊಡ್ಡದು) ಇದೆ ಎಂಬ ನಿಮ್ಮ ಕೊನೆಯ ಸಾಲು ಓದಿದ ಕೂಡಲೇ ನನ್ನ ಅನುಮಾನ ಎಂಟಿಯು (ಇಂಟರ್‌ಫೇಸ್ ಒಮ್ಮೆಗೆ ಕಳುಹಿಸಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ) ಮೇಲೆ ಹೋಯಿತು.

ದಯವಿಟ್ಟು ಏರಿಯಾ, ವೈಲ್ಡ್‌ಕಾರ್ಡ್ ಮಾಸ್ಕ್‌ಗಳನ್ನು ಅಳಿಸಿ ಮತ್ತೆ ಬರೆಯಲು ಹೋಗಬೇಡಿ. ಏರಿಯಾ ಸಂಖ್ಯೆ, ಹಲೋ ಮತ್ತು ಡೆಡ್ ಟೈಮರ್, ಪಾಸ್‌ವರ್ಡ್ ಇವುಗಳಲ್ಲಿ ಒಂದು ಹೊಂದದಿದ್ದರೂ ರೂಟರ್‌ಗಳು ಒಂದನ್ನೊಂದು ಗುರುತಿಸುವ ಹಲೋ ಹಂತದಲ್ಲೇ ಬಾಗಿಲು ಮುಚ್ಚುತ್ತಿತ್ತು. ನೀವು ಅದನ್ನು ದಾಟಿ ಬಂದಿದ್ದೀರಿ.

ಎಕ್ಸ್‌ಸ್ಟಾರ್ಟ್‌ನಲ್ಲಿ ಯಾರು ಮೊದಲು ಮಾತಾಡಬೇಕೆಂದು ರೂಟರ್‌ಗಳು ತೀರ್ಮಾನಿಸುತ್ತವೆ. ಆಗ ಕಳುಹಿಸುವ ಡಿಬಿಡಿ (ತಮ್ಮಲ್ಲಿರುವ ಮಾಹಿತಿಯ ಪಟ್ಟಿ ಒಯ್ಯುವ) ಪ್ಯಾಕೆಟ್ಟಿನಲ್ಲಿ ತಮ್ಮ ಇಂಟರ್‌ಫೇಸಿನ ಎಂಟಿಯು ಬರೆದಿರುತ್ತವೆ. ಬಂದ ಸಂಖ್ಯೆ ತನ್ನದಕ್ಕಿಂತ ದೊಡ್ಡದಿದ್ದರೆ ರೂಟರ್ ಅದನ್ನು ತಿರಸ್ಕರಿಸುತ್ತದೆ. 1500 ಇರುವ ಕಡೆಗೆ 9000 ಎಂದು ಬಂದರೆ ಮಾತುಕತೆ ಅಲ್ಲಿಗೇ ನಿಂತಿತು. ಹಲೋ ಚಿಕ್ಕದು, ಸಿಸ್ಕೊ ಪಿಂಗ್ ತಾನಾಗಿ ಕಳುಹಿಸುವುದು 100 ಬೈಟ್ ಮಾತ್ರ. ಹಾಗಾಗಿ ಪಿಂಗ್ ಹೋಯಿತೆಂಬುದನ್ನು ಇಲ್ಲಿ ಸಾಕ್ಷಿಯಾಗಿ ಹಿಡಿಯಬೇಡಿ. ಎರಡೂ ಕಡೆ 'ಶೋ ಐಪಿ ಇಂಟರ್‌ಫೇಸ್' ಕೊಟ್ಟು ಎಂಟಿಯು ಸಾಲನ್ನು ಹೋಲಿಸಿ.

ಎಂಟಿಯು ಹೋಲಿಕೆಯನ್ನೇ ಬಿಡಿಸುವ 'ಐಪಿ ಓಎಸ್‌ಪಿಎಫ್ ಎಂಟಿಯು-ಇಗ್ನೋರ್' ಹಾಕಿ ಮುಗಿಸಿ ಎಂದು ಯಾರಾದರೂ ಹೇಳಬಹುದು. ನಾನೂ ಒಮ್ಮೆ ಹಾಗೆ ಮಾಡಿದ್ದೆ, ಕೂಡಲೇ ಫುಲ್ ಆಯಿತು. ಆದರೆ ತೊಂದರೆ ಆಮೇಲೆ ಬಂತು. ಡಿಬಿಡಿಯಲ್ಲಿ ಪ್ರತಿ ಎಲ್‌ಎಸ್‌ಎ (ಜಾಲದ ಬಗೆಗಿನ ಮಾಹಿತಿಯ ತುಣುಕು) ಶೀರ್ಷಿಕೆಗೆ 20 ಬೈಟ್ ಬೇಕು. 1500ರಲ್ಲಿ ಹೆಡರ್‌ಗಳ 52 ಬೈಟ್ ಕಳೆದರೆ 72 ಶೀರ್ಷಿಕೆ ಹಿಡಿಸುತ್ತವೆ. ನಮ್ಮ ಜಾಲ ಬೆಳೆದು ಆ ಲೆಕ್ಕ ದಾಟಿದ ಮೇಲೆ, ಒಂದು ರಾತ್ರಿ ಲಿಂಕ್ ಬಿದ್ದು ಎದ್ದಿತು. ಜಂಬೋ ಕಡೆಯ ರೂಟರ್ ದೊಡ್ಡ ಪ್ಯಾಕೆಟ್ ಕಳುಹಿಸಿತು, ಈ ಕಡೆಯ ಪೋರ್ಟ್ ಅದನ್ನು ಬಿಸಾಡಿತು. ಸಂಬಂಧ ಮತ್ತೆ ಕೂಡಲೇ ಇಲ್ಲ. ತಿಂಗಳುಗಟ್ಟಲೆ ಚೆನ್ನಾಗಿದ್ದ ಲಿಂಕಿನಲ್ಲಿ ಇಂಥ ತಪ್ಪು ಹುಡುಕುವ ಕಷ್ಟ ನಿಮಗೆ ಬೇಡ.

ಜಂಬೋ ಇರುವ ಇಂಟರ್‌ಫೇಸಿಗೆ 'ಐಪಿ ಎಂಟಿಯು 1500' ಕೊಡಿ. ಸ್ವಲ್ಪ ಕಾಯಿರಿ, ಸಂಬಂಧ ತಾನಾಗಿಯೇ ಕೂಡುತ್ತದೆ. 'ಕ್ಲಿಯರ್ ಐಪಿ ಓಎಸ್‌ಪಿಎಫ್ ಪ್ರೋಸೆಸ್' ಕೊಡಬೇಡಿ, ಚೆನ್ನಾಗಿರುವ ಉಳಿದ ನೇಬರ್‌ಗಳೂ ಬೀಳುತ್ತವೆ.

ನಿಮ್ಮ ಕಾನ್ಫಿಗರೇಷನ್‌ನಲ್ಲಿ ಕಂಡ ಇನ್ನೊಂದು ಮಾತು: ರೆಫರೆನ್ಸ್ ಬ್ಯಾಂಡ್‌ವಿಡ್ತ್ ಬದಲಿಸಿಲ್ಲ. ಅದು ಮೂಲತಃ 100 ಎಂಬಿಪಿಎಸ್ ಇರುವುದರಿಂದ 100 ಎಂಬಿಪಿಎಸ್ ಲಿಂಕಿಗೂ 10 ಜಿಬಿಪಿಎಸ್ ಲಿಂಕಿಗೂ ಕಾಸ್ಟ್ (ಈ ಸಂಖ್ಯೆಯನ್ನು ಲಿಂಕಿನ ವೇಗದಿಂದ ಭಾಗಿಸಿ ಬರುವ, ದಾರಿ ಆರಿಸಲು ಬಳಸುವ ಅಂಕ) 1 ಎಂದೇ ಬರುತ್ತದೆ. 'ಆಟೋ-ಕಾಸ್ಟ್ ರೆಫರೆನ್ಸ್-ಬ್ಯಾಂಡ್‌ವಿಡ್ತ್' ಬಳಸಿ, ಎಲ್ಲ ರೂಟರ್‌ಗಳಲ್ಲೂ ಒಂದೇ ಸಂಖ್ಯೆ ಹಾಕಿ.