ಕೇಳಿ, ಹೇಳುತ್ತೇವೆ: ಪ್ರೊಬೇಷನ್, ಪೆರೋಲ್ ಮತ್ತು ಚಟ ಬಿಡಿಸುವ ಆ್ಯಪ್

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಕೊಕೇನ್ ಪ್ರಕರಣದಲ್ಲಿ ಪ್ರೊಬೇಷನ್ ಮೇಲಿದ್ದಾನೆ. ಚಿಕಿತ್ಸೆಗೆಂದು ಫೋನಿಗೆ ಆ್ಯಪ್ ಹಾಕಿಸಿದ್ದಾರಂತೆ. ಅದರಿಂದ ಚಟ ಬಿಡುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪ್ರೊಬೇಷನ್ ಎಂದರೆ ಜೈಲಿನ ಬದಲು ಅಧಿಕಾರಿಯ ನಿಗಾದಲ್ಲಿ, ಷರತ್ತಿನ ಮೇಲೆ ಹೊರಗಿರುವುದು. ಅವನ ಫೋನಿನಲ್ಲಿರುವುದು ಯಾವ ಬಗೆಯ ಆ್ಯಪ್ ಎಂದು ಮೊದಲು ವಿಚಾರಿಸಿ. ಚಿಕಿತ್ಸೆಗೆ ನೆರವಾಗುವವು ಬೇರೆ, ಕಾವಲು ಕಾಯುವವು ಬೇರೆ. ಎರಡೂ ಒಂದೇ ಫೋನಿನಲ್ಲಿ ಕೂತಿರುವುದರಿಂದ ಮನೆಯವರಿಗೆ ಗೊಂದಲ.

ಚಿಕಿತ್ಸೆಗೆ ನೆರವಾಗುವವಕ್ಕೆ ರೀಸೆಟ್ ಎಂಬ ಆ್ಯಪ್ ಉದಾಹರಣೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2017ರಲ್ಲಿ ಅನುಮತಿ ಕೊಟ್ಟಿತು; ವೈದ್ಯರು ಚೀಟಿ ಬರೆದರಷ್ಟೇ ಸಿಗುತ್ತದೆ. 12 ವಾರಗಳ ಪಾಠ. ಆಸೆ ಕೆರಳಿಸುವ ಸಂದರ್ಭ ಗುರುತಿಸುವುದು, ಹಳೆಯ ಗೆಳೆಯರು ಕರೆದಾಗ ತಪ್ಪಿಸಿಕೊಳ್ಳುವುದು, ಹೀಗೆ. ಇದು ಕೊಕೇನ್, ಗಾಂಜಾ, ಮದ್ಯಕ್ಕೆ, ಹೆರಾಯಿನ್ ಥರದವಕ್ಕಲ್ಲ. ಅವುಗಳಿಗೆಂದು ಬ್ಯುಪ್ರೆನಾರ್ಫಿನ್ ಔಷಧಿಯ ಜೊತೆಗೆ ಬಳಸುವ ರೀಸೆಟ್-ಓ 2018ರಲ್ಲಿ ಬಂತು. ತಯಾರಿಸಿದ ಪಿಯರ್ ಥೆರಪ್ಯೂಟಿಕ್ಸ್ 2023ರಲ್ಲಿ ದಿವಾಳಿಯೆದ್ದು, ಎರಡೂ ಬೇರೆಯವರ ಕೈಸೇರಿದವು. ಹಾಗಾಗಿ ಕೋರ್ಟಿನ ಷರತ್ತಿನಲ್ಲಿ ಆ್ಯಪಿನ ಹೆಸರನ್ನೇ ಬರೆದಿದ್ದರೆ, ಸೇವೆ ನಿಂತುಹೋದರೆ ಏನು ಗತಿ ಎಂದು ವಕೀಲರನ್ನು ಈಗಲೇ ಕೇಳಲಿ.

ಪ್ರಯೋಜನ ಉಂಟು, ಆದರೆ ಮಿತವಾಗಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರ ಎ-ಚೆಸ್ ಆ್ಯಪಿನಲ್ಲಿ ಸಹಾಯಕ್ಕೆ ಕರೆಯುವ ಗುಂಡಿಯಿದೆ. ಕುಡಿತದ ಜಾಗವೆಂದು ಬಳಸುವವನೇ ಗುರುತಿಸಿದ ಕಡೆ ಸುಳಿದರೆ ಎಚ್ಚರಿಸುತ್ತದೆ. ಚಿಕಿತ್ಸಾ ಕೇಂದ್ರದ ವಾಸ ಮುಗಿಸಿದ 349 ಮದ್ಯವ್ಯಸನಿಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 30 ದಿನಗಳಲ್ಲಿ ವಿಪರೀತ ಕುಡಿದ ದಿನಗಳು ಆ್ಯಪ್ ಇದ್ದವರಲ್ಲಿ ಸರಾಸರಿ 1.39, ಇಲ್ಲದವರಲ್ಲಿ 2.75. ಇಂಥವೆಲ್ಲ ಕೌನ್ಸೆಲಿಂಗ್ ಜೊತೆಗೆ ನಡೆಯಬೇಕಾದವು, ಅದರ ಬದಲಿಗಲ್ಲ.

ಇನ್ನು ಕಾವಲು ಕಾಯುವವು. ಕಾಲಿಗೆ ಕಟ್ಟುವ ಸ್ಕ್ರಾಮ್ ಪಟ್ಟಿ ಪ್ರತಿ 30 ನಿಮಿಷಕ್ಕೆ ಬೆವರಿನಲ್ಲಿ ಆಲ್ಕೋಹಾಲ್ ಹುಡುಕುತ್ತದೆ. ಸೋಬರ್‌ಲಿಂಕ್ ಎಂಬ ಸಾಧನ ಉಸಿರು ಪರೀಕ್ಷಿಸುವಾಗ ಮುಖವನ್ನೂ ತಾಳೆ ನೋಡುತ್ತದೆ. ಇವು ಯಾರ ಚಟವನ್ನೂ ಬಿಡಿಸುವುದಿಲ್ಲ. ಅಧಿಕಾರಿಗೆ ಸುದ್ದಿ ಮುಟ್ಟಿಸುತ್ತವೆ, ಅಷ್ಟೇ. ಇಲ್ಲಿ ಎಡವಟ್ಟು ಆಗುವುದು ಬಹುಪಾಲು ಕ್ಷುಲ್ಲಕ ಕಾರಣಕ್ಕೆ: ಚಾರ್ಜ್ ಮುಗಿದಿರುತ್ತದೆ, ಡೇಟಾ ಖಾಲಿ, ಮಂದ ಬೆಳಕಿನಲ್ಲಿ ಮುಖ ಹೊಂದುವುದಿಲ್ಲ, ಹೊಸ ನಂಬರನ್ನು ಅಧಿಕಾರಿಗೆ ತಿಳಿಸಿರುವುದಿಲ್ಲ. ಪರದೆಯಲ್ಲಿ ದೋಷ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಅದೇ ದಿನ ಅಧಿಕಾರಿಗೆ ಕರೆ ಮಾಡಿ, ಜೊತೆಗೆ ಬರಹದಲ್ಲೂ ತಿಳಿಸಬೇಕು. ಅಧಿಕಾರಿಯೇ ಕೇಳುವವರೆಗೆ ಕಾದರೆ ಅದು ನೆಪದಂತೆ ಕಾಣುತ್ತದೆ.

ಇನ್ನು ಮುಖ್ಯ ಸಂಗತಿ: ಆ್ಯಪಿನಲ್ಲಿ ಬರೆದದ್ದನ್ನು ಯಾರು ಓದುತ್ತಾರೆ? ವ್ಯಸನ ಚಿಕಿತ್ಸಾ ಕೇಂದ್ರಗಳ ದಾಖಲೆಗೆ ಅಲ್ಲಿ ‘42 ಸಿಎಫ್‌ಆರ್ ಭಾಗ 2’ ಎಂಬ ನಿಯಮದ ರಕ್ಷಣೆಯಿದೆ. ಸಾಮಾನ್ಯವಾಗಿ ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಅವು ಪ್ರೊಬೇಷನ್ ಅಧಿಕಾರಿಯ ಕೈಸೇರುವಂತಿಲ್ಲ. ಆದರೆ ಸಹಿ ಹಾಕುವುದನ್ನೇ ಷರತ್ತು ಮಾಡಿರುತ್ತಾರೆ. ಆಗ ಒಪ್ಪಿಗೆ ಪತ್ರದಲ್ಲಿ ಹಾಜರಾತಿ, ಪರೀಕ್ಷೆಯ ಫಲಿತಾಂಶ ಎಂದಿಷ್ಟೇ ಇರಲಿ ಎಂದು ಕೇಳಬಹುದು. ‘ಇವತ್ತು ತುಂಬಾ ಆಸೆಯಾಯಿತು’ ಎಂದು ಡೈರಿಯಲ್ಲಿ ಬರೆದದ್ದು ಅಧಿಕಾರಿಗೆ ಹೋಗುವುದಾದರೆ ಯಾರು ತಾನೇ ನಿಜ ಬರೆದಾರು? ನಿಜ ಬರೆಯದ ಡೈರಿಯಿಂದ ಕೌನ್ಸೆಲರ್‌ಗೂ ಉಪಯೋಗವಿಲ್ಲ. ಚಿಕಿತ್ಸಾ ಕೇಂದ್ರದ ನಂಟಿಲ್ಲದೆ ನಾವೇ ಇಳಿಸಿಕೊಂಡ ಆ್ಯಪಿಗೆ ಈ ರಕ್ಷಣೆ ಇಲ್ಲದಿರಬಹುದು. ಹುಡುಗ ಅಲ್ಲಿನ ಪೌರನಲ್ಲದಿದ್ದರೆ ವಲಸೆ ವಕೀಲರನ್ನೂ ಕಾಣಲಿ. ವ್ಯಸನಿ ಎಂಬ ಕಾರಣಕ್ಕೇ ದೇಶದಿಂದ ಹೊರಹಾಕಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ.

ಪ್ರಶ್ನೆ: ಹಬ್ಬದ ಗಸಗಸೆ ಪಾಯಸ ಕುಡಿದರೆ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆಯೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಬೀಳಬಹುದು. ತಮಾಷೆಯಲ್ಲ, 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದೇ ಹೇಳಿತು. ಗಸಗಸೆ ಗಿಡದ ಕಾಯಿಯ ಹಾಲು ಕಾಳಿಗೆ ಅಂಟಿರುವುದರಿಂದ ಅಫೀಮಿನ ಅಂಶಗಳಾದ ಮಾರ್ಫಿನ್, ಕೋಡೀನ್ ನಿಜವಾಗಿಯೂ ಮೂತ್ರಕ್ಕೆ ಬರುತ್ತವೆ. ಆದ್ದರಿಂದ ಲ್ಯಾಬಿನಲ್ಲಿ ಖಚಿತಪಡಿಸುವ ಎರಡನೇ ಪರೀಕ್ಷೆ ಮಾಡಿಸಿದರೂ ಅವೇ ಕಾಣುತ್ತವೆ. ಫೆಡರಲ್ ಉದ್ಯೋಗಿಗಳ ಪರೀಕ್ಷೆಯಲ್ಲಿ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300ರಿಂದ 2000 ನ್ಯಾನೋಗ್ರಾಮಿಗೆ ಏರಿಸಿದ್ದು ಇದೇ ಗೋಜಲಿಗೆ. 300ರ ಮಿತಿಯ ಪರೀಕ್ಷಾ ಪಟ್ಟಿ ಬಳಸುವವರು ಈಗಲೂ ಇದ್ದಾರೆ. 6-ಎಂಎಎಂ ಎಂಬ ಅಂಶ ಸಿಕ್ಕರೆ ಅದು ಹೆರಾಯಿನ್, ಗಸಗಸೆಯಿಂದ ಬರುವುದಲ್ಲ. ಪರೀಕ್ಷೆಗಳು ಮುಗಿಯುವವರೆಗೆ ಶ್ಯಾವಿಗೆ ಪಾಯಸ ಮಾಡಿ. ಇನ್ನೊಂದು: ಪರೀಕ್ಷೆಗೆ ಮುಂಚೆ ಬಿಂದಿಗೆಗಟ್ಟಲೆ ನೀರು ಕುಡಿಯುವುದು ಬೇಡ. ಮೂತ್ರದಲ್ಲಿ ಸಹಜವಾಗಿರುವ ಕ್ರಿಯಾಟಿನಿನ್ ಎಂಬ ಅಂಶ ಡೆಸಿಲೀಟರಿಗೆ 20 ಮಿಲಿಗ್ರಾಮಿಗಿಂತ ಇಳಿದರೆ ಮಾದರಿ ತೆಳುವಾಗಿದೆ ಎಂದು ಅನುಮಾನಿಸುತ್ತಾರೆ.

ಪ್ರಶ್ನೆ: ಮಗನಿಗೆ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆಯ ಬದಲು ಚಿಕಿತ್ಸೆ ಸಿಗಬಹುದು ಎನ್ನುತ್ತಾರೆ. ಮೊಬೈಲಿನಲ್ಲೇ ಚಿಕಿತ್ಸೆ ಪಡೆದರೆ ಕೋರ್ಟ್ ಒಪ್ಪುತ್ತದೆಯೇ?
– ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಅವರು ಹೇಳುತ್ತಿರುವುದು ಎನ್‌ಡಿಪಿಎಸ್, ಅಂದರೆ ಮಾದಕವಸ್ತು ತಡೆ ಕಾಯ್ದೆಯ 39ನೇ ಸೆಕ್ಷನ್. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು, ಅವನು ಒಪ್ಪಿದರೆ, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಚಿಕಿತ್ಸೆ ಸರ್ಕಾರ ನಡೆಸುವ ಇಲ್ಲವೇ ಮಾನ್ಯತೆ ಕೊಟ್ಟ ಕಡೆಯೇ ಆಗಬೇಕು. ಒಂದು ವರ್ಷದೊಳಗೆ ಅದರ ವರದಿ ಕೋರ್ಟಿಗೆ ಸಲ್ಲಬೇಕು. ಆ್ಯಪ್ ಕೊಡುವ ಸರ್ಟಿಫಿಕೇಟ್ ಆ ವರದಿಯಾಗದು. ಓಪಿಡಿ ಚೀಟಿ, ಔಷಧಿಯ ಚೀಟಿ, ಮೂತ್ರ ಪರೀಕ್ಷೆಯ ವರದಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕುತ್ತಾ ಬನ್ನಿ.

ಎನ್‌ಡಿಪಿಎಸ್ ಪಟ್ಟಿಯಲ್ಲಿರುವ ಔಷಧಿಗಳನ್ನು ವಿಡಿಯೊ ಕರೆಯಲ್ಲಿ ಬರೆದುಕೊಡಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಸಾಮಾನ್ಯವಾಗಿ ಬಿಡುವುದಿಲ್ಲ. ಅದಕ್ಕೆ ಆಸ್ಪತ್ರೆಗೇ ಹೋಗಬೇಕು. ನಡುವೆ ಆಸೆ ತಡೆಯಲಾಗದಿದ್ದರೆ, ರಾತ್ರಿ ನಿದ್ದೆಗೆಟ್ಟರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.

ಪ್ರಶ್ನೆ: ಜಾಮೀನಿನ ಮೇಲಿರುವವನು ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗವನ್ನು ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂದು ಷರತ್ತು ಹಾಕಬಹುದೇ?
– ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ಫ್ರಾಂಕ್ ವೈಟಸ್ ಪ್ರಕರಣದಲ್ಲಿ (ಅದೂ ಎನ್‌ಡಿಪಿಎಸ್ ಪ್ರಕರಣವೇ) ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಅಂಥ ಷರತ್ತನ್ನು ತೆಗೆದುಹಾಕಿತು. ಪೊಲೀಸರು ಆರೋಪಿಯ ಖಾಸಗಿ ಬದುಕಿನೊಳಗೆ ಸದಾ ಇಣುಕುವಂತೆ ಮಾಡುವ ಷರತ್ತು ಸಲ್ಲದು ಎಂದಿತು. ಆದರೆ ಇದು ಜಾಮೀನಿನ ಮಾತು. ಶಿಕ್ಷೆಯಾದ ಕೈದಿ ಪೆರೋಲ್‌ನಂಥ ರಜೆಯ ಮೇಲೆ ಹೊರಬರುವುದಕ್ಕೆ ಲೆಕ್ಕ ಬೇರೆ: ಕೇಂದ್ರದ 2023ರ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಕೈದಿ ಒಪ್ಪಿದರೆ ಜಾಡು ಹಿಡಿಯುವ ಎಲೆಕ್ಟ್ರಾನಿಕ್ ಸಾಧನ ತೊಡಿಸಿ ರಜೆಯ ಮೇಲೆ ಬಿಡುವ ಅವಕಾಶವಿದೆ. ಅದು ಮಾದರಿಯಷ್ಟೇ, ರಾಜ್ಯ ತನ್ನದೇ ಕಾಯ್ದೆಯಲ್ಲಿ ಸೇರಿಸಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ.